ಗೋಧಿಯ ಬಿಳಿ ಎಳೆಯಲ್ಲಿ ಏನೇನಿದೆ?

ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳಿಂದ ಒಂದು ಪ್ರಯೋಗ ಮಾಡಿಸುತ್ತೇವೆ. ಎರಡು ದಿನ ಮೊದಲೇ ಗೋಧಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಸಣ್ಣಗೆ ಮೊಳಕೆ ಒಡೆದಿರುತ್ತದೆ. ಅದನ್ನು ಅರೆದು, ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಚಮಚ, ಉಪ್ಪು ಒಂದು ಚಿಟಿಕೆ ಹಾಕಿ ಕಲಸಿ, ತೆಳು ಬಟ್ಟೆಯಲ್ಲಿ ಸೋಸುವುದು. ಸೋಸಿದ ನೀರಿನ ಮೇಲೆ ತಣ್ಣನೆಯ ಸ್ಪಿರಿಟ್ಟನ್ನು ಗ್ಲಾಸಿನ ಅಂಚಿನಿಂದ ನಿಧಾನವಾಗಿ ಇಳಿಬಿಟ್ಟರೆ, ಎರಡು ದ್ರವಗಳು ಕೂಡುವ ಗೆರೆಯಲ್ಲಿ ಬಿಳಿ ಎಳೆಗಳು ಎದ್ದು ತೇಲುತ್ತವೆ. ಕಡ್ಡಿಗೆ ಸುತ್ತಿ ಮೇಲೆತ್ತಬಹುದು. ಸೂಕ್ಷ್ಮದರ್ಶಕ ಇಲ್ಲದ ಶಾಲೆಯಲ್ಲೂ ಆಗುವ ಪ್ರಯೋಗ ಇದು. ಮಕ್ಕಳಿಗಂತೂ ಹಬ್ಬ.

ಒಮ್ಮೆ ಒಬ್ಬ ಹುಡುಗಿ ಕಡ್ಡಿ ಎತ್ತಿ ಹಿಡಿದು, "ಸರ್, ಇದು ಅಷ್ಟೂ ಡಿಎನ್‌ಎನ ಏನ್ರಿ?" ಎಂದು ಕೇಳಿದಳು. ಬಹಳ ವರ್ಷ ಇಂಥ ಪ್ರಶ್ನೆಗೆ ನಾವು "ಹೌದವ್ವಾ" ಎಂದು ಹೇಳಿ ಮುಂದಕ್ಕೆ ಹೋಗಿದ್ದೇವೆ. ಪಾಠ ಮುಗಿಸುವ ಅವಸರ, ಇನ್ನೇನು. ಆದರೆ ಅಂದು ಆಕೆಯ ಪ್ರಶ್ನೆಯಲ್ಲಿದ್ದ 'ಅಷ್ಟೂ' ಎಂಬ ಮಾತು ಕಾಡಿತು. ಅಷ್ಟೂ ಅಲ್ಲ. ಅದರಲ್ಲಿ ಆರ್‌ಎನ್‌ಎ ಇದೆ, ಡಿಎನ್‌ಎಗೆ ಅಂಟಿಕೊಂಡೇ ಬಂದ ಪ್ರೋಟೀನುಗಳಿವೆ. ಇವುಗಳನ್ನು ಒಂದರಿಂದ ಒಂದು ಬಿಡಿಸುವುದಕ್ಕೆ, ಅದೂ ಇದೇ ಗೋಧಿಯ ಮೊಳಕೆಭಾಗದಿಂದ ಬಿಡಿಸುವುದಕ್ಕೆ, ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರು ನೂರು ವರ್ಷ ಹೆಣಗಿದ್ದಾರೆ. ನಡುವೆ ಗೋಧಿ ಅವರನ್ನು ಮೂರು ದಶಕ ದಾರಿ ತಪ್ಪಿಸಿದ್ದೂ ಉಂಟು. ಆ ಕಥೆಯನ್ನು ಈ ಸಲ ಬರೆಯುತ್ತಿದ್ದೇವೆ.

ಕಥೆ ಶುರುವಾಗುವುದು ಗೋಧಿಯಿಂದಲ್ಲ, ಕೀವಿನಿಂದ. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್ ಊರಿನಲ್ಲಿ ಫ್ರೆಡ್ರಿಕ್ ಮೀಷರ್ ಎಂಬ ಸ್ವಿಟ್ಜರ್‌ಲೆಂಡಿನ ತರುಣ ವೈದ್ಯ, ಆಸ್ಪತ್ರೆಯಿಂದ ಬರುತ್ತಿದ್ದ ಗಾಯದ ಬಟ್ಟೆಗಳನ್ನು ತೊಳೆದು, ಕೀವಿನ ಬಿಳಿ ರಕ್ತಕೋಶಗಳನ್ನು ಕೂಡಿಸುತ್ತಿದ್ದ. ಅವನ ಪ್ರಯೋಗಶಾಲೆ ಹಳೆಯ ಕೋಟೆಯೊಂದರ ಅಡುಗೆಮನೆ. ಹಂದಿಯ ಜಠರದಿಂದ ತೆಗೆದ ಪೆಪ್ಸಿನ್ ಹಾಕಿ ಕೋಶದ ಪ್ರೋಟೀನುಗಳನ್ನು ಕರಗಿಸಿ, ಉಳಿದ ಕೋಶಕೇಂದ್ರಗಳಿಂದ ರಂಜಕ ಹೇರಳವಾಗಿದ್ದ ಹೊಸ ವಸ್ತುವನ್ನು ತೆಗೆದ. ಅದಕ್ಕೆ 'ನ್ಯೂಕ್ಲಿನ್' ಎಂದು ಹೆಸರಿಟ್ಟ. ಲೇಖನ ಅಚ್ಚಾದದ್ದು 1871ರಲ್ಲಿ. ಇಂದು ನಾವು ಡಿಎನ್‌ಎ ಎನ್ನುವುದು ಅದರಲ್ಲಿತ್ತು. ಗಮನಿಸಿ, ಮೀಷರ್‌ನ ಜಾಣತನವೆಲ್ಲ ಪ್ರೋಟೀನನ್ನು ತೊಲಗಿಸುವುದರಲ್ಲಿತ್ತು. ಪ್ರೋಟೀನ್ ಅವನಿಗೆ ಕೊಳೆ.

ಆ ಕೊಳೆಯನ್ನೇ ಬೇಕೆಂದು ಹುಡುಕಿದವರು ಆಲ್ಬ್ರೆಕ್ಟ್ ಕೊಸೆಲ್. ನಮ್ಮ ಕೆಂಪು ರಕ್ತಕೋಶಗಳಲ್ಲಿ ಕೋಶಕೇಂದ್ರ ಇರುವುದಿಲ್ಲ, ಹಕ್ಕಿಗಳಲ್ಲಿ ಇರುತ್ತದೆ. ಆದ್ದರಿಂದ ಕೊಸೆಲ್ ಹೆಬ್ಬಾತಿನ ರಕ್ತ ತೆಗೆದುಕೊಂಡರು. ತೆಳು ಆಮ್ಲದಲ್ಲಿ ಅದರ ಕೋಶಕೇಂದ್ರಗಳನ್ನು ನೆನೆಸಿದಾಗ ಒಂದು ಪ್ರೋಟೀನ್ ಆಮ್ಲದೊಳಗೆ ಇಳಿದು ಬಂತು. 1884ರಲ್ಲಿ ಅದಕ್ಕೆ 'ಹಿಸ್ಟೋನ್' ಎಂಬ ಹೆಸರು ಕೊಟ್ಟರು. ಅದರಲ್ಲಿ ಲೈಸೀನ್, ಅರ್ಜಿನೀನ್ ಎಂಬ ಧನ ಆವೇಶದ ಅಮೈನೋ ಆಮ್ಲಗಳು ತುಂಬಿವೆ. ಡಿಎನ್‌ಎ ಮೈತುಂಬ ಋಣ ಆವೇಶ ಹೊತ್ತ ಆಮ್ಲ. ಎರಡೂ ಒಂದನ್ನೊಂದು ಬಿಗಿದಪ್ಪುತ್ತವೆ. ಕೊಸೆಲ್‌ಗೆ 1910ರಲ್ಲಿ ನೊಬೆಲ್ ಬಂತು.

ಆದರೆ ಈ ಅಪ್ಪುಗೆಯಲ್ಲೇ ಮುಂದಿನ ಎಲ್ಲ ತಕರಾರುಗಳ ಬೀಜ ಇದೆ. ಕೋಶವನ್ನು ಅರೆದು ಗಂಜಿ ಮಾಡಿದ ಮೇಲೆ, ಧನ ಆವೇಶದ ಯಾವ ಪ್ರೋಟೀನ್ ಎಲ್ಲಿಂದ ಬಂದರೂ ಹೋಗಿ ಡಿಎನ್‌ಎಗೆ ಅಂಟಿಕೊಳ್ಳಬಹುದು. ಹಾಗಾದರೆ ನಮ್ಮ ಪಾತ್ರೆಯಲ್ಲಿ ಡಿಎನ್‌ಎ ಜೊತೆಗಿರುವ ಪ್ರೋಟೀನ್, ಜೀವಂತ ಕೋಶದಲ್ಲೂ ವರ್ಣತಂತುವಿನ ಮೇಲೆ ಕುಳಿತಿತ್ತೋ, ಇಲ್ಲಾ ಅರೆಯುವಾಗ ನಾವೇ ಅಂಟಿಸಿದೆವೋ? ಶುದ್ಧೀಕರಣ ಎಂದರೆ ಬರೀ ತೊಳೆಯುವ ಕೆಲಸ ಅಲ್ಲ, ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ.

ಈಗ ಗೋಧಿಗೆ ಬರೋಣ. ಗೋಧಿ ಕಾಳಿನ ತುದಿಯಲ್ಲಿ ಹಳದಿ ಚುಕ್ಕೆಯಂತೆ ಕಾಣುವ ಮೊಳಕೆಭಾಗ, ಅಂದರೆ ಭ್ರೂಣ, ಕಾಳಿನ ತೂಕದಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ. ನಮ್ಮೂರ ಗಿರಣಿಯ ಹಿಟ್ಟಿನಲ್ಲಿ ಅದು ಕೂಡಿಕೊಂಡೇ ಬೀಸಿ ಹೋಗುತ್ತದೆ. ದೊಡ್ಡ ರೋಲರ್ ಮಿಲ್ಲುಗಳಲ್ಲಿ ಹಾಗಲ್ಲ. ಅದರ ಎಣ್ಣೆಯಂಶದಿಂದ ಹಿಟ್ಟು ಮುಗ್ಗಲು ವಾಸನೆ ಬರುತ್ತದೆಂದು ಬೇರೆ ಮಾಡಿ ತೆಗೆಯುತ್ತಾರೆ. ಹೀಗೆ ಒಣಗಿದ, ಮೂಟೆಗಟ್ಟಲೆ ಸಿಗುವ, ಅಗ್ಗದ ಭ್ರೂಣ! ಸಣ್ಣ ಸಣ್ಣ ಕೋಶಗಳು ಒತ್ತಾಗಿರುವುದರಿಂದ ತೂಕಕ್ಕೆ ಹೋಲಿಸಿದರೆ ಕೋಶಕೇಂದ್ರಗಳೂ ಹೆಚ್ಚು. ಎಲೆಯಲ್ಲಿ ಇಷ್ಟು ಸಿಗುವುದಿಲ್ಲ. ಸಸ್ಯದ ವರ್ಣತಂತು ಬೇಕೆಂದವರಿಗೆ ಇದಕ್ಕಿಂತ ಒಳ್ಳೆಯ ಗಣಿ ಇರಲಿಲ್ಲ.

ಈ ಗಣಿಗೆ ಮೊದಲು ಕೈ ಹಾಕಿದವರಲ್ಲಿ ಅಮೆರಿಕದ ಥಾಮಸ್ ಬರ್ ಆಸ್ಬರ್ನ್ ಮುಖ್ಯರು. ನ್ಯೂ ಹೇವನ್‌ನಲ್ಲಿರುವ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದಲ್ಲಿ ಅವರು ಬೀಜಗಳ ಪ್ರೋಟೀನುಗಳನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದರು. ನೀರಿನಲ್ಲಿ ಕರಗುವುದು, ಉಪ್ಪುನೀರಿನಲ್ಲಿ ಕರಗುವುದು, ಮದ್ಯಸಾರದಲ್ಲಿ ಕರಗುವುದು, ತೆಳು ಕ್ಷಾರದಲ್ಲಿ ಕರಗುವುದು ಎಂದು ಅವರು ಪ್ರೋಟೀನುಗಳನ್ನು ವಿಂಗಡಿಸಿದ ಬಗೆ ಧಾನ್ಯ ವಿಜ್ಞಾನದಲ್ಲಿ ಇಂದಿಗೂ ಬಳಕೆಯಲ್ಲಿದೆ. 1907ರಲ್ಲಿ ಬಂದ ಗೋಧಿ ಕಾಳಿನ ಪ್ರೋಟೀನುಗಳ ಮೇಲಿನ ಅವರ ಗ್ರಂಥ ಆ ಕ್ಷೇತ್ರದ ಮೂಲಪುಸ್ತಕ. ಅದಕ್ಕೂ ಮೊದಲು, 1900ರಲ್ಲಿ, ಅವರೂ ಕ್ಯಾಂಬೆಲ್ ಎಂಬ ಸಹೋದ್ಯೋಗಿಯೂ ಗೋಧಿ ಭ್ರೂಣದ ನ್ಯೂಕ್ಲಿಯಿಕ್ ಆಮ್ಲ ಮತ್ತು ಪ್ರೋಟೀನುಗಳ ಜೊತೆ ಅದು ಕೂಡಿಕೊಂಡಿರುವ ಬಗೆಯ ಮೇಲೆ ಲೇಖನ ಬರೆದರು. 1902ರಲ್ಲಿ ಹ್ಯಾರಿಸ್ ಜೊತೆ ಸೇರಿ ಆ ಆಮ್ಲವನ್ನು ಇನ್ನಷ್ಟು ವಿವರವಾಗಿ ಪರೀಕ್ಷಿಸಿ, ಗೋಧಿಯ ಲ್ಯಾಟಿನ್ ಹೆಸರಿನಿಂದ 'ಟ್ರಿಟಿಕೋ ನ್ಯೂಕ್ಲಿಯಿಕ್ ಆಮ್ಲ' ಎಂದು ಕರೆದರು.

ಆಸ್ಬರ್ನ್ ಅವರ ಕೆಲಸ ಅಚ್ಚುಕಟ್ಟು. ಎಡವಟ್ಟಾದದ್ದು ಅದರಿಂದ ಜನ ತೆಗೆದ ತೀರ್ಮಾನದಲ್ಲಿ. ಗೋಧಿಯ ಆಮ್ಲವನ್ನು ಒಡೆದರೆ ಅಡಿನೀನ್, ಗ್ವಾನೀನ್ ಜೊತೆಗೆ ಯುರಾಸಿಲ್ ಸಿಕ್ಕಿತು, ಐದು ಕಾರ್ಬನ್ನಿನ ಸಕ್ಕರೆ ಸಿಕ್ಕಿತು. ಯೀಸ್ಟಿನ ಆಮ್ಲವೂ ಹೀಗೆಯೇ ಇತ್ತು. ಕರುವಿನ ಥೈಮಸ್ ಗ್ರಂಥಿಯ ಆಮ್ಲದಲ್ಲಾದರೋ ಯುರಾಸಿಲ್ ಇಲ್ಲ, ಅದರ ಜಾಗದಲ್ಲಿ ಥೈಮೀನ್. ಸಕ್ಕರೆಯೂ ಬೇರೆ. ಇದನ್ನು ನೋಡಿ, ನ್ಯೂಕ್ಲಿಯಿಕ್ ಆಮ್ಲದಲ್ಲಿ ಎರಡು ಜಾತಿ, ಒಂದು ಸಸ್ಯದ್ದು ಇನ್ನೊಂದು ಪ್ರಾಣಿಯದ್ದು ಎಂದು ಪಂಡಿತರು ಗೆರೆ ಎಳೆದರು. ಪಠ್ಯಪುಸ್ತಕಗಳಲ್ಲಿ ಅದು ಅಚ್ಚಾಯಿತು. ಉಪಾಧ್ಯಾಯರು ಪಾಠ ಮಾಡಿದರು, ಹುಡುಗರು ಬಾಯಿಪಾಠ ಮಾಡಿದರು.

ನಿಜ ಸಂಗತಿ ಏನೆಂದರೆ, ಗೋಧಿ ಭ್ರೂಣದಲ್ಲಿ ಎರಡೂ ಇದ್ದವು. ಮೊಳೆತ ಕೂಡಲೇ ಪ್ರೋಟೀನ್ ತಯಾರಿ ಶುರು ಮಾಡಬೇಕಾದ ಭ್ರೂಣ ಅದಕ್ಕೆ ಬೇಕಾದ ಆರ್‌ಎನ್‌ಎಯನ್ನು ಕೋಶರಸದಲ್ಲಿ ಮೊದಲೇ ತುಂಬಿಟ್ಟುಕೊಂಡಿರುತ್ತದೆ. ಥೈಮಸ್ಸಿನಲ್ಲಿ ಕೋಶಕೇಂದ್ರವೇ ದೊಡ್ಡದು, ಕೋಶರಸ ಕಡಿಮೆ. ಒಂದರಲ್ಲಿ ಆರ್‌ಎನ್‌ಎ ಕೈಗೆ ಸಿಕ್ಕಿತು, ಇನ್ನೊಂದರಲ್ಲಿ ಡಿಎನ್‌ಎ ಸಿಕ್ಕಿತು. ಕೋಶದ ಎರಡು ಭಾಗಗಳ ನಡುವಿನ ವ್ಯತ್ಯಾಸವನ್ನು ಜೀವಿಗಳ ಎರಡು ರಾಜ್ಯಗಳ ನಡುವಿನ ಗಡಿ ಎಂದು ತಿಳಿದರು. ಗಡಿಯಲ್ಲಿ ಬದುಕುವ ನಮಗೆ ಇಂಥ ತಪ್ಪು ಬೇಗ ಅರ್ಥವಾಗುತ್ತದೆ ಬಿಡಿ.

ಈ ಗೆರೆ ಅಳಿಸಲು ಒಂದು ಬಣ್ಣ ಬೇಕಾಯಿತು. 1924ರಲ್ಲಿ ಜರ್ಮನಿಯ ಗೀಸನ್‌ನಲ್ಲಿ ರಾಬರ್ಟ್ ಫಾಯ್ಲ್‌ಗೆನ್ ಮತ್ತು ರೋಸೆನ್‌ಬೆಕ್ ಒಂದು ವಿಧಾನ ಪ್ರಕಟಿಸಿದರು. ಅಂಗಾಂಶದ ತೆಳು ಪದರವನ್ನು ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅಲ್ಪ ಹೊತ್ತು ಇಟ್ಟು, ಆಮೇಲೆ ಬಣ್ಣ ಕಳೆದ ಫುಕ್ಸಿನ್ ದ್ರಾವಣದಲ್ಲಿ ಅದ್ದಿದರೆ, ಥೈಮಸ್ ಬಗೆಯ ಆಮ್ಲ ಇರುವ ಕಡೆ ಮಾತ್ರ ಕೆನ್ನೇರಳೆ ಬಣ್ಣ ಮೂಡುತ್ತದೆ. ಆರ್‌ಎನ್‌ಎಗೆ ಮೂಡುವುದಿಲ್ಲ. ಪ್ರಾಣಿಯ ಕೋಶಕೇಂದ್ರ ಬಣ್ಣ ಹಿಡಿಯಿತು, ಸರಿ. ಸಸ್ಯದ ಕೋಶಕೇಂದ್ರವೂ ಅಷ್ಟೇ ಚೆನ್ನಾಗಿ ಬಣ್ಣ ಹಿಡಿಯಿತು! ಆದರೂ ಬಣ್ಣ ನೋಡಿ ನಂಬುವವರಲ್ಲ ರಸಾಯನಶಾಸ್ತ್ರಜ್ಞರು, ವಸ್ತುವನ್ನೇ ಕೈಯಲ್ಲಿ ಇಡಿ ಎಂದರು. 1930ರ ದಶಕದಲ್ಲಿ ಮಾಸ್ಕೋದ ಆಂದ್ರೇ ಬೆಲೋಜೆರ್ಸ್ಕಿ ಬಟಾಣಿ ಮುಂತಾದ ಸಸ್ಯಗಳಿಂದ ಅದನ್ನು ತೆಗೆದು ತೋರಿಸಿದರು. 1937ರಲ್ಲಿ ಗೀಸನ್‌ನಿಂದಲೇ ಫಾಯ್ಲ್‌ಗೆನ್, ಬೆಹ್ರೆನ್ಸ್, ಮಹದಿಹಸನ್ ಎಂಬ ಮೂವರ ಹೆಸರಿನಲ್ಲಿ ಸಸ್ಯದ ಕೋಶಕೇಂದ್ರದ ಆಮ್ಲವನ್ನು ಬೇರ್ಪಡಿಸಿ ಗುರುತಿಸಿದ ಲೇಖನ ಬಂತು. ಅವರು ಬಳಸಿದ್ದು ಗೋಧಿಯ ಸೋದರ ಧಾನ್ಯವಾದ ರೈ. ಮೂರನೆಯವರು, ಮಹದಿಹಸನ್, ನಮ್ಮ ನೆರೆಯ ಹೈದರಾಬಾದಿನವರು, ಅರಗಿನ ಹುಳುವಿನ ಅಭ್ಯಾಸಕ್ಕೆ ಹೆಸರಾದವರು. ಪಠ್ಯಪುಸ್ತಕದ ಗೆರೆ ಅಳಿಸಿದವರಲ್ಲಿ ದಖ್ಖಣದ ಒಬ್ಬರು ಇದ್ದರೆಂಬುದು ನಮ್ಮ ಮಕ್ಕಳಿಗೆ ತಿಳಿದಿರಲಿ.

ಈ ಗಲಾಟೆಯಲ್ಲಿ ಹಿಸ್ಟೋನುಗಳು ಹಿಂದೆ ಬಿದ್ದವು. 1944ರಲ್ಲಿ ಏವರಿ, 1952ರಲ್ಲಿ ಹರ್ಷೆ ಮತ್ತು ಚೇಸ್ ಡಿಎನ್‌ಎಯೇ ಆನುವಂಶಿಕ ವಸ್ತು ಎಂದು ತೋರಿಸಿದ ಮೇಲಂತೂ ಪ್ರೋಟೀನ್ ಬರೀ ಹೊದಿಕೆ ಎಂಬ ಉದಾಸೀನ ಬಂತು. ಎಡಿನ್‌ಬರೋದ ಸ್ಟೆಡ್‌ಮನ್ ದಂಪತಿ ಮಾತ್ರ ಹಿಸ್ಟೋನುಗಳು ಜೀನುಗಳನ್ನು ಅದುಮಿ ಇಡುತ್ತಿರಬಹುದು ಎಂದು 1950ರಲ್ಲಿ ಬರೆದರು. ಅದಕ್ಕೆ ಪ್ರಯೋಗದ ಬೆಂಬಲ ಕೊಟ್ಟದ್ದು ಒಂದು ಸಸ್ಯ. 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರು ಚಿ ಹುವಾಂಗ್ ಮತ್ತು ಜೇಮ್ಸ್ ಬಾನರ್ ಬಟಾಣಿ ಭ್ರೂಣದ ವರ್ಣತಂತು ವಸ್ತುವಿನಿಂದ ಹಿಸ್ಟೋನ್ ತೆಗೆದುಹಾಕಿದಾಗ ಆರ್‌ಎನ್‌ಎ ತಯಾರಿ ಹೆಚ್ಚಿತು, ಹಿಸ್ಟೋನ್ ಸೇರಿಸಿದಾಗ ತಗ್ಗಿತು.

ಅದೇ ಬಾನರ್ ಬಳಗವೂ ಲಾಸ್ ಏಂಜಲಿಸ್‌ನ ಎಮಿಲ್ ಸ್ಮಿತ್ ಬಳಗವೂ ಕೂಡಿ 1969ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ನಾವು ತರಗತಿಯಲ್ಲಿ ಹಲಗೆಯ ಮೇಲೆ ಬರೆದೇ ತೋರಿಸುತ್ತೇವೆ. ಈಗ ಎಚ್4 ಎನ್ನುವ ಹಿಸ್ಟೋನಿನಲ್ಲಿ 102 ಅಮೈನೋ ಆಮ್ಲಗಳ ಸರಪಳಿ ಇದೆ. ಕರುವಿನದ್ದನ್ನೂ ಬಟಾಣಿಯದ್ದನ್ನೂ ಕೊಂಡಿಗೆ ಕೊಂಡಿ ಹೋಲಿಸಿದರು. 100 ಕಡೆ ಒಂದೇ. ಬೇರೆಯಾದದ್ದು 60ನೆಯ ಮತ್ತು 77ನೆಯ ಜಾಗ ಮಾತ್ರ, ಅಲ್ಲೂ ಒಂದೇ ಸ್ವಭಾವದ ಒಂದರ ಬದಲು ಇನ್ನೊಂದು. ದನಕ್ಕೂ ಅದು ಮೇಯುವ ಗಿಡಕ್ಕೂ ನಡುವೆ ಇಷ್ಟೇ ಅಂತರ! ಮುಂದೆ 1983ರಲ್ಲಿ ಜಪಾನಿನ ಇವಾಬುಚಿ ಬಳಗ ಗೋಧಿಯ ಎಚ್4 ಜೀನನ್ನೇ ಓದಿದಾಗ ಅದರ ಸರಪಳಿಯೂ ಬಟಾಣಿಯದರಂತೆಯೇ ಇತ್ತು. ಆರೆಗನ್‌ನಲ್ಲಿ ಸ್ಟೀವನ್ ಸ್ಪೈಕರ್ ಮತ್ತು ಅರ್ವಿನ್ ಐಸೆನ್‌ಬರ್ಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಟಾಣಿಯ ಹಿಸ್ಟೋನನ್ನು ಕರುವಿನ ಹಿಸ್ಟೋನಿನ ಜೊತೆ ಬೆರೆಸಿ ನೋಡಿದರು. ಎರಡು ರಾಜ್ಯದ ಪ್ರೋಟೀನುಗಳು ಜೋಡಿ ಕಟ್ಟಿಕೊಂಡವು.

ಅಷ್ಟರಲ್ಲಿ, 1974ರಲ್ಲಿ, ರೋಜರ್ ಕಾರ್ನ್‌ಬರ್ಗ್ ಹಿಸ್ಟೋನುಗಳ ಕೆಲಸದ ಚಿತ್ರವನ್ನೇ ಬದಲಿಸಿದ್ದರು. ಎಂಟು ಹಿಸ್ಟೋನುಗಳು ಕೂಡಿ ಒಂದು ಉಂಡೆ, ಅದಕ್ಕೆ ಡಿಎನ್‌ಎ ಹೆಚ್ಚು ಕಡಿಮೆ ಎರಡು ಸುತ್ತು. ಇದೇ ನ್ಯೂಕ್ಲಿಯೋಸೋಮ್. ಒಂದು ಉಂಡೆಗೂ ಮುಂದಿನದಕ್ಕೂ ನಡುವೆ ಸ್ವಲ್ಪ ಬರಿ ದಾರ. ರೊಟ್ಟಿ ಚಪಾತಿಯ ಸಾಮಾನ್ಯ ಗೋಧಿಯಲ್ಲಿ 42 ವರ್ಣತಂತುಗಳು. ಒಂದು ಜೊತೆಯ ಡಿಎನ್‌ಎಯಲ್ಲಿ ಸುಮಾರು 1600 ಕೋಟಿ ಅಕ್ಷರಗಳು, ಅಂದರೆ ಮನುಷ್ಯನದರ ಐದು ಪಟ್ಟು. ಲೆಕ್ಕ ಹಾಕಿದರೆ ಗೋಧಿಯ ಒಂದೇ ಕೋಶದಲ್ಲಿ 11 ಮೀಟರಿನಷ್ಟು ದಾರ. ನಮ್ಮ ತರಗತಿಯ ಕೋಣೆ ಅಷ್ಟು ಉದ್ದ ಇಲ್ಲ! ಅದನ್ನು ಸುತ್ತಿಡಲು ಸುಮಾರು 16 ಕೋಟಿ ಉಂಡೆ ಬೇಕು.

ಹಿಸ್ಟೋನ್ ಬಿಟ್ಟರೆ ವರ್ಣತಂತುವಿನ ಮೇಲೆ ಬೇರೆ ಪ್ರೋಟೀನುಗಳು ಇಲ್ಲವೇ? ಇವೆ. ಲಂಡನ್ನಿನ ಚೆಸ್ಟರ್ ಬೀಟಿ ಸಂಸ್ಥೆಯಲ್ಲಿ ಅರ್ನೆಸ್ಟ್ ಜಾನ್ಸ್, ಗ್ರಹಾಂ ಗುಡ್ವಿನ್, ಕ್ಲೇರ್ ಸ್ಯಾಂಡರ್ಸ್ 1973ರಲ್ಲಿ ಕರುವಿನ ಥೈಮಸ್ಸಿನಿಂದ ಒಂದು ಹೊಸ ಗುಂಪನ್ನು ತೆಗೆದರು. ವಿದ್ಯುತ್ ಹಾಯಿಸಿದ ಜೆಲ್ಲಿನಲ್ಲಿ ಇವು ಬೇಗ ಬೇಗ ಮುಂದೆ ಓಡುತ್ತಿದ್ದವು. ಹಾಗಾಗಿ 'ಹೆಚ್ಚು ಓಟದ ಗುಂಪು' ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರ ಕೂಡಿಸಿ ಎಚ್‌ಎಂಜಿ ಎಂದರು. ನಿಧಾನ ಓಡುವವಕ್ಕೂ ಒಂದು ಗುಂಪು ಮಾಡಿದ್ದರು, ಆ ಹೆಸರು ಉಳಿಯಲಿಲ್ಲ. ಜೆಲ್ಲಿನಲ್ಲಿ ಎಷ್ಟು ದೂರ ಓಡಿತು ಎಂಬುದರ ಮೇಲೆ ಪ್ರೋಟೀನಿಗೆ ಹೆಸರಿಡುವುದು, ಹುಡುಗನಿಗೆ ಓಟದ ಸ್ಪರ್ಧೆಯ ನಂಬರನ್ನೇ ಹೆಸರಾಗಿ ಇಟ್ಟಂತೆ. ಆದರೆ ಹೆಸರು ನಿಂತುಬಿಟ್ಟಿತು.

ಇವು ಪ್ರಾಣಿಗಳಲ್ಲಿ ಮಾತ್ರವೋ, ಎಲ್ಲ ಜೀವಿಗಳಲ್ಲೂ ಇವೆಯೋ? 1978ರಲ್ಲಿ ಸ್ಪೈಕರ್, ಮಾರ್ಡಿಯನ್, ಐಸೆನ್‌ಬರ್ಗ್ ಮೂವರೂ ಗೋಧಿ ಮತ್ತು ಯೀಸ್ಟಿನಲ್ಲೂ ಇಂಥವು ಇವೆ ಎಂದು ವರದಿ ಮಾಡಿದರು. ಆಮೇಲೆ ಉತ್ತರ ಕೆರೊಲಿನಾಕ್ಕೆ ಹೋದ ಸ್ಪೈಕರ್ 1984ರಲ್ಲಿ ಗೋಧಿಯ ಎಚ್‌ಎಂಜಿಗಳ ಮೇಲೆಯೇ ಪೂರ್ಣ ಲೇಖನ ಪ್ರಕಟಿಸಿದರು.

ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಸೋಪು, ಉಪ್ಪಿನ ಪ್ರಯೋಗದ ದೊಡ್ಡಣ್ಣನೇ ಅದು. ಮೊದಲ ತೊಂದರೆ ಗೋಧಿಯದೇ. ಥೈಮಸ್ಸನ್ನು ಹಿಸುಕಿದರೆ ಸಾಕು, ಸಸ್ಯಕ್ಕೆ ಗಟ್ಟಿ ಕೋಶಭಿತ್ತಿ. ಅರೆಯಬೇಕು. ಅರೆದರೆ ಪಿಷ್ಟ ಬರುತ್ತದೆ, ಎಣ್ಣೆ ಬರುತ್ತದೆ, ಕಪ್ಪಾಗುವ ಫೀನಾಲುಗಳು ಬರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು, ಪ್ರೋಟೀನ್ ಕತ್ತರಿಸುವ ಕಿಣ್ವಗಳು ಬಿಡುಗಡೆಯಾಗುತ್ತವೆ. ಮೊಳೆಯುವಾಗ ಕಾಳಿನ ಪ್ರೋಟೀನನ್ನು ಕರಗಿಸಿ ಸಸಿಗೆ ಉಣಿಸುವುದು ಇವುಗಳ ಕೆಲಸ. ಪಾತ್ರೆಯಲ್ಲಿ ಇವಕ್ಕೆ ಹಿಸ್ಟೋನೂ ಒಂದೇ, ಬೇರೆಯದೂ ಒಂದೇ. ಆದ್ದರಿಂದ ಎಲ್ಲ ಕೆಲಸ ಮಂಜುಗಡ್ಡೆಯಷ್ಟು ತಣ್ಣಗೆ, ಬೇಗ ಬೇಗ, ಕಿಣ್ವ ತಡೆಯುವ ರಾಸಾಯನಿಕ ಹಾಕಿಕೊಂಡೇ ಮಾಡಬೇಕು. ತುಂಡಾದ ಹಿಸ್ಟೋನನ್ನು ಹೊಸ ಪ್ರೋಟೀನ್ ಎಂದು ತಿಳಿದು ಮೋಸ ಹೋಗುವುದು ಸುಲಭ.

ಆಮೇಲೆ ತೊಳೆಯುವುದು. ಸೋಪಿನ ಜಾತಿಯ ಟ್ರೈಟಾನ್ ಎಂಬ ದ್ರವ ಕೊಬ್ಬಿನ ಪೊರೆಗಳನ್ನು ಕರಗಿಸುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೋಶಕೇಂದ್ರ, ವರ್ಣತಂತು ತಳಕ್ಕೆ ಇಳಿಯುತ್ತವೆ, ಕೋಶರಸದ ಪ್ರೋಟೀನ್ ಮೇಲಿನ ನೀರಿನಲ್ಲಿ ಹೋಗುತ್ತದೆ. ಇದನ್ನು ಮತ್ತೆ ಮತ್ತೆ ಮಾಡಬೇಕು. ನಾವು ಮೇಲೆ ಕೇಳಿದ ಪ್ರಶ್ನೆ, ಅಂಟಿದ್ದು ಮೊದಲೋ ಆಮೇಲೋ ಎಂಬುದು, ಇಲ್ಲಿಯೇ ತೀರ್ಮಾನವಾಗುವುದು. ಕೋಶಕೇಂದ್ರ ಬೇರೆಯಾಗುವ ಮೊದಲೇ ಎಲ್ಲ ಕಲಸಿಹೋದರೆ ಮುಂದೆ ಏನು ಮಾಡಿದರೂ ಪ್ರಯೋಜನವಿಲ್ಲ.

ಈಗ ಉಪ್ಪು. ಒಂದು ಲೀಟರ್ ನೀರಿಗೆ ಸುಮಾರು 20 ಗ್ರಾಂ ಉಪ್ಪು, ಸಮುದ್ರದ ನೀರಿಗಿಂತ ಕಡಿಮೆ. ಇಷ್ಟು ಉಪ್ಪಿನಲ್ಲಿ ಹಿಸ್ಟೋನ್ ಡಿಎನ್‌ಎಯನ್ನು ಬಿಡುವುದಿಲ್ಲ, ಹಿಡಿತ ಸಡಿಲವಿರುವ ಎಚ್‌ಎಂಜಿ ಮುಂತಾದವು ಬಿಟ್ಟು ಬರುತ್ತವೆ. ಅದಕ್ಕೆ ನೂರಕ್ಕೆ 2ರಷ್ಟು ಟ್ರೈಕ್ಲೋರೋ ಅಸಿಟಿಕ್ ಆಮ್ಲ ಸೇರಿಸಿದರೆ ಬೇರೆ ಪ್ರೋಟೀನುಗಳು ಹಾಲು ಒಡೆದಂತೆ ಒಡೆದು ತಳಕ್ಕೆ ಕೂರುತ್ತವೆ. ಎಚ್‌ಎಂಜಿ ಮಾತ್ರ ತಿಳಿಯಲ್ಲಿ ಉಳಿಯುತ್ತದೆ. ಅದನ್ನು ಬೇರೆ ರಾಸಾಯನಿಕದಿಂದ ಕೆಳಗೆ ಇಳಿಸಿ, ಆವೇಶಕ್ಕೆ ತಕ್ಕಂತೆ ಹಿಡಿದು ಬಿಡುವ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಹಾಯಿಸಿ, ಒಂದೊಂದನ್ನೇ ಬೇರೆ ಮಾಡುತ್ತಾರೆ. ಕಿಲೋಗಟ್ಟಲೆ ಭ್ರೂಣದಿಂದ ಶುರು ಮಾಡಿದವನಿಗೆ ಕೊನೆಗೆ ಸಿಗುವುದು ಶೀಶೆಯ ತಳದಲ್ಲಿ ಬಿಳಿ ಧೂಳಿನಷ್ಟು.

ಗೋಧಿಯಲ್ಲಿ ಹೀಗೆ ನಾಲ್ಕು ಸಿಕ್ಕವು: ಎ, ಬಿ, ಸಿ, ಡಿ. ಕರುವಿನಲ್ಲೂ ಮುಖ್ಯವಾದವು ನಾಲ್ಕು: 1, 2, 14, 17. ನಾಲ್ಕಕ್ಕೆ ನಾಲ್ಕು ಹೊಂದುತ್ತವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹೊಂದಲಿಲ್ಲ. ಗಾತ್ರ ಬೇರೆ, ಅಮೈನೋ ಆಮ್ಲಗಳ ಪ್ರಮಾಣ ಬೇರೆ. ಉಪ್ಪಿನಲ್ಲಿ ಕರಗುವುದು, ಆಮ್ಲದಲ್ಲಿ ಒಡೆಯದಿರುವುದು, ಧನ ಮತ್ತು ಋಣ ಆವೇಶದ ಅಮೈನೋ ಆಮ್ಲಗಳು ಎರಡೂ ಹೇರಳವಾಗಿರುವುದು, ಈ ಮೂರು ಲಕ್ಷಣ ಮಾತ್ರ ಸಮಾನ. 14 ಮತ್ತು 17ರ ವಂಶದವು ಸಸ್ಯಗಳಲ್ಲಿ ಇಲ್ಲವೇ ಇಲ್ಲ ಎಂಬುದು ಆಮೇಲೆ ಖಚಿತವಾಯಿತು. ಎಚ್4 ಕಂಡು ಗಡಿಯೇ ಇಲ್ಲ ಎಂದುಕೊಂಡವರಿಗೆ ಇಲ್ಲಿ ಗಡಿ ಸಿಕ್ಕಿತು.

ಹಿಸ್ಟೋನುಗಳಲ್ಲೂ ಹಾಗೆಯೇ ಆಯಿತು. ಗೋಧಿಯ ಎಚ್2ಎ ಜೆಲ್ಲಿನಲ್ಲಿ ಕರುವಿನ ಎಚ್2ಎ ನಿಂತ ಕಡೆ ನಿಲ್ಲುತ್ತಿರಲಿಲ್ಲ. ಯಾವುದು ಯಾವುದೆಂದು ಗುರುತಿಸುವುದೇ ಗೊಂದಲವಾಗಿತ್ತು. ಕೊಳೆಯೋ, ಕಿಣ್ವ ಕತ್ತರಿಸಿದ್ದೋ ಎಂಬ ಅನುಮಾನ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಕ್ಲಾಸ್ ಫಾನ್ ಹೋಲ್ಟ್ ಬಳಗ ಗೋಧಿ ಭ್ರೂಣದ ಒಂದು ಎಚ್2ಎಯ ಸರಪಳಿಯನ್ನು ಪೂರ್ತಿ ಓದಿ 1985ರಲ್ಲಿ ಪ್ರಕಟಿಸಿತು. ಕೊಳೆಯೂ ಅಲ್ಲ, ತುಂಡೂ ಅಲ್ಲ. ಕರುವಿನದಕ್ಕಿಂತ ಅದಕ್ಕೆ ತುದಿಯಲ್ಲಿ ಒಂದು ಬಾಲ ಹೆಚ್ಚು. ಉಂಡೆಗಳ ನಡುವಿನ ಬರಿ ದಾರವನ್ನು ಆ ಬಾಲ ಹಿಡಿದುಕೊಳ್ಳುತ್ತದೆ ಎಂದು 1991ರಲ್ಲಿ ಅದೇ ಊರಿನಿಂದ ಮತ್ತೆ ವರದಿ ಬಂತು. ನಮಗೆ ಈ ಇಡೀ ಇತಿಹಾಸದಲ್ಲಿ ಬಹಳ ಮೆಚ್ಚಿಗೆಯಾದ ಭಾಗ ಇದು. ಜೆಲ್ಲಿನಲ್ಲಿ ತಪ್ಪು ಜಾಗದಲ್ಲಿ ನಿಂತದ್ದನ್ನು ಎಸೆಯದೆ, ಏಕೆ ಅಲ್ಲಿ ನಿಂತಿತು ಎಂದು ಕೇಳಿದ್ದರಿಂದ ತಿಳಿದದ್ದು.

1990ರ ನಂತರ ಕೆಲಸದ ರೀತಿಯೇ ಬದಲಾಯಿತು. ಪ್ರೋಟೀನನ್ನು ಶುದ್ಧ ಮಾಡಿ ಓದುವ ಬದಲು ಅದರ ಜೀನನ್ನು ಓದುವುದು ಸುಲಭವಾಯಿತು. 1991ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಕ್ಲಾಸ್ ಗ್ರಾಸರ್ ಮತ್ತು ಗುಂಟರ್ ಫೈಕ್ಸ್ ಗೋವಿನಜೋಳದ ಒಂದು ಎಚ್‌ಎಂಜಿಯ ಸರಪಳಿ ತಿಳಿಸಿದರು. ಡಿಎನ್‌ಎಯನ್ನು ಹಿಡಿದು ಬಗ್ಗಿಸುವ ಒಂದು ಭಾಗ ಅದರಲ್ಲಿತ್ತು. ಅದಕ್ಕೆ ಎಚ್‌ಎಂಜಿ ಬಾಕ್ಸ್ ಎನ್ನುತ್ತಾರೆ. ಮನುಷ್ಯನ ವೈ ವರ್ಣತಂತುವಿನಲ್ಲಿ ಗಂಡು ಮಗುವಾಗಲು ಕಾರಣವಾದ ಜೀನ್ 1990ರಲ್ಲಿ ಸಿಕ್ಕಿತಲ್ಲ, ಅದರ ಪ್ರೋಟೀನಿನಲ್ಲಿರುವುದೂ ಇದೇ ಜಾತಿಯ ಬಾಕ್ಸ್! ಇನ್ನೊಂದು ಬಗೆಯವು ಡಿಎನ್‌ಎಯಲ್ಲಿ ಎ ಮತ್ತು ಟಿ ಅಕ್ಷರಗಳು ಒತ್ತಾಗಿರುವ ಕಡೆ ಸಣ್ಣ ಕೊಕ್ಕೆ ಹಾಕಿ ಹಿಡಿಯುತ್ತವೆ. ಗೋಧಿಯ 'ಎ' ಪ್ರೋಟೀನಿನಲ್ಲಿ ಅಂಥ ಕೊಕ್ಕೆಗಳು ನಾಲ್ಕು ಇವೆ.

ಹೆಸರುಗಳ ಗೊಂದಲ ಎಷ್ಟಾಯಿತೆಂದರೆ 2001ರಲ್ಲಿ ವಿಜ್ಞಾನಿಗಳು ಕೂಡಿ ಹೊಸ ಹೆಸರು ಇಟ್ಟರು. ಕೊಕ್ಕೆಯವು ದೊಡ್ಡಕ್ಷರದ ಎ, ಬಾಕ್ಸಿನವು ಬಿ, ಸಸ್ಯಗಳಲ್ಲಿ ಇಲ್ಲದವು ಎನ್. ಗೋಧಿಯಲ್ಲಿ ಮೊದಲು 'ಎ' ಎಂದು ಕರೆದದ್ದು ಈಗಲೂ ಎ ಗುಂಪಿಗೇ ಬಂತು. ಗೋವಿನಜೋಳದಲ್ಲಿ 'ಎ' ಎಂದು ಕರೆದದ್ದು ಬಿ ಗುಂಪಿಗೆ ಹೋಯಿತು. ನಮ್ಮ ಕಡೆ ಸೊಲ್ಲಾಪುರ ಎಂದರೂ ಸೋಲಾಪೂರ ಎಂದರೂ ಊರು ಒಂದೇ. ಇಲ್ಲಿ ಹೆಸರು ಒಂದೇ, ಊರು ಬೇರೆ. ಹಳೆಯ ಲೇಖನ ಓದುವವರು ಇಸವಿ ನೋಡಿಕೊಂಡೇ ಓದಬೇಕು.

ಇಷ್ಟೆಲ್ಲ ಮಾಡಿ ರೈತನಿಗೆ ಏನು ಬಂತು ಎಂದು ನಮ್ಮ ಪಾಲಕರೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಎಚ್‌ಎಂಜಿಯಿಂದ ಇಳುವರಿ ಹೆಚ್ಚಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಹಿಸ್ಟೋನುಗಳ ವಿಷಯದಲ್ಲಿ ಒಂದು ಸಂಗತಿ ಇದೆ. ಯುರೋಪಿನಲ್ಲಿ ಬಿತ್ತುವ ಚಳಿಗೋಧಿ ವಾರಗಟ್ಟಲೆ ಕೊರೆಯುವ ಚಳಿ ಉಂಡ ಮೇಲೆಯೇ ತೆನೆ ಹಿಡಿಯುತ್ತದೆ. ನಮ್ಮ ಹಿಂಗಾರಿ ಗೋಧಿಗೆ ಆ ಚಳಿ ಬೇಡ. 1930ರ ದಶಕದಿಂದ ಸೋವಿಯತ್ ನಾಡಿನಲ್ಲಿ ಲೈಸೆಂಕೋ ಎಂಬಾತ, ಬೀಜಕ್ಕೆ ಚಳಿ ತಾಕಿಸಿದರೆ ಅದರ ಸ್ವಭಾವವೇ ಬದಲಾಗಿ ಮುಂದಿನ ತಲೆಮಾರಿಗೂ ಇಳಿಯುತ್ತದೆ ಎಂದು ಸಾರಿ, ಅಧಿಕಾರದ ಬಲದಿಂದ ವಿರೋಧಿಗಳ ಬಾಯಿ ಮುಚ್ಚಿಸಿದ. 1948ರಲ್ಲಿ ಅಲ್ಲಿ ತಳಿವಿಜ್ಞಾನದ ಪಾಠವೇ ನಿಂತಿತು. ಚಳಿಯ ನೆನಪು ಗಿಡದಲ್ಲಿ ಉಳಿಯುವುದು ನಿಜ. ಎಲ್ಲಿ ಉಳಿಯುತ್ತದೆ ಎಂಬುದು ಆತನಿಗೆ ಗೊತ್ತಿರಲಿಲ್ಲ. 2009ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ವಿಜ್ಞಾನಿಗಳು ಬಾರ್ಲಿಯಲ್ಲಿ ಅದನ್ನು ತೋರಿಸಿದರು. ತೆನೆಗೆ ಕಾರಣವಾಗುವ ಒಂದು ಜೀನಿನ ಮೇಲಿನ ಎಚ್3 ಹಿಸ್ಟೋನುಗಳ ಮೇಲೆ 'ಮುಚ್ಚಿದೆ' ಎಂಬ ರಾಸಾಯನಿಕ ಗುರುತು ಇರುತ್ತದೆ. ಚಳಿ ಕಳೆದ ಮೇಲೆ ಆ ಗುರುತು ಕಡಿಮೆಯಾಗಿ 'ತೆರೆದಿದೆ' ಎಂಬ ಗುರುತು ಹೆಚ್ಚುತ್ತದೆ. ಡಿಎನ್‌ಎಯ ಅಕ್ಷರ ಒಂದೂ ಬದಲಾಗುವುದಿಲ್ಲ. ಆ ಗಿಡದ ಬೀಜವನ್ನು ಬಿತ್ತಿದರೆ ಅದಕ್ಕೆ ಮತ್ತೆ ಹೊಸದಾಗಿ ಚಳಿ ಬೇಕು.

ಆ ಹುಡುಗಿಯ ಪ್ರಶ್ನೆಯಾದ ಮೇಲೆ ಪ್ರಯೋಗದ ವಹಿಯಲ್ಲಿ ಬರೆಸುವ ವಾಕ್ಯ ಬದಲಿಸಿದ್ದೇವೆ. ಮೊದಲು 'ಬಿಳಿ ಎಳೆಗಳ ರೂಪದಲ್ಲಿ ಡಿಎನ್‌ಎ ದೊರೆಯಿತು' ಎಂದು ಬರೆಸುತ್ತಿದ್ದೆವು. ಈಗ 'ಡಿಎನ್‌ಎ, ಆರ್‌ಎನ್‌ಎ ಮತ್ತು ಪ್ರೋಟೀನುಗಳು ಕೂಡಿದ ಬಿಳಿ ಎಳೆಗಳು ದೊರೆತವು' ಎಂದು ಬರೆಸುತ್ತೇವೆ. ಹೋದ ಸಲ ಒಂದು ಗುಂಪಿನ ಹುಡುಗರು ಮನೆಯಿಂದ ಜವೆ ಗೋಧಿ ತಂದಿದ್ದರು. ಅದರಲ್ಲಿ ವರ್ಣತಂತು 42 ಅಲ್ಲ, 28. ಸಿಪ್ಪೆ ಬಿಡಿಸಿ ನೆನೆಹಾಕುವುದಕ್ಕೇ ಅವರಿಗೆ ಅರ್ಧ ದಿನ ಹಿಡಿಯಿತು. ಎಳೆ ಮಾತ್ರ ಚೆನ್ನಾಗಿಯೇ ಬಂತು.